ಹೆಬ್ಬೆಟ್ಟು ಒತ್ತೋ ಮುಂಚೆ ಕೇಳಿ



ನಮ್ಮ ಕೇರಿಗಳಿಗೆ ಹೆಬ್ಬೆಟ್ಟಿನ ಕಥೆ ಹೊಸದಲ್ಲ. ಓದೋಕೆ ಬಾರದ ಕಾಗದಕ್ಕೆ ನಮ್ಮಜ್ಜಂದಿರು ಹೆಬ್ಬೆಟ್ಟು ಒತ್ತಿದರು, ಸರ್ಕಾರ ಮಂಜೂರು ಮಾಡಿದ್ದ ಜಮೀನು ಯಾರದೋ ಪಾಲಾಯ್ತು. ಅದನ್ನ ತಡೆಯೋಕೆ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬರಬೇಕಾಯ್ತು. ಈಗ ಕಾಗದದ ಜಾಗಕ್ಕೆ ಮಿಷನ್ ಬಂದಿದೆ, ಅಷ್ಟೇ.

ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು. ಈ ಮೂರು ಸಿಕ್ಕರೆ ಎಇಪಿಎಸ್‌ನಲ್ಲಿ ದುಡ್ಡು ತೆಗೀಬಹುದು, ಓಟಿಪಿ ಬೇಕಿಲ್ಲ. ಆಸ್ತಿ ನೋಂದಣಿ ಪತ್ರದಲ್ಲಿದ್ದ ಬೆರಳಚ್ಚು ನಕಲು ಮಾಡಿ ಖಾತೆಯಿಂದ ಹಣ ಹೊಡೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಪೊಲೀಸರ ಮುಂದೆ ಬಂದವು.

ಗಾರೆ ಕೆಲಸ, ಕೂಲಿ, ಪೊರಕೆ ಹಿಡಿದು ಬೆರಳು ಸವೆದಿರೋ ನಮ್ಮವರದ್ದು ಇನ್ನೂ ಕಷ್ಟ. ಮಿಷನ್ ಒಂದೇ ಸಲಕ್ಕೆ ತಗೊಳ್ಳಲ್ಲ. "ಬರ್ಲಿಲ್ಲಮ್ಮ, ಇನ್ನೊಂದ್ಸಲ ಒತ್ತು" ಅಂತಾರೆ. ಮೋಸಗಾರನಿಗೆ ಆ ಇನ್ನೊಂದ್ಸಲ ಸಾಕು. ಕೂಲಿ ದುಡ್ಡು, ಗೃಹಲಕ್ಷ್ಮಿಯ 2,000 ಹೋದದ್ದು ಗೊತ್ತಾಗೋದು ಮುಂದಿನ ಸಲ ಬ್ಯಾಂಕಿಗೆ ಹೋದಾಗ.

ನಾನು ಗುಮಾಸ್ತ, ದಿನಾ ನೋಡ್ತೀನಿ. ಒಂದು ಜೆರಾಕ್ಸ್ ಕೇಳಿದ್ರೆ "ಇರ್ಲಿ ಸಾರ್" ಅಂತ ಮೂರು ಕೊಡ್ತಾರೆ. ಯಾಕೆ ಬೇಕು ಅಂತ ಕೇಳಲ್ಲ. ಕೇಳಿದ್ರೆ ಕೆಲಸ ಆಗಲ್ಲ ಅನ್ನೋ ಭಯ ತಲೆಮಾರುಗಳದ್ದು. ಆದರೆ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಅದು ಬಂಗಲೆಯವರಿಗೆ ಮಾತ್ರ ಅಲ್ಲ, ಕೇರಿಯವರಿಗೂ ಸೇರಿದ್ದು.

ಹಾಗಾಗಿ ಇಷ್ಟು ಮಾಡಿ:

– ಪೂರ್ತಿ ನಂಬರ್ ಬೇಡದ ಕಡೆ ಕೊನೆಯ 4 ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕೊಡಿ.
– ಜೆರಾಕ್ಸ್ ಮೇಲೆ ಯಾವ ಕೆಲಸಕ್ಕೆ ಅಂತ ಬರೆದು, ತಾರೀಖು ಹಾಕಿ ಸಹಿ ಮಾಡಿ.
– ಆಧಾರ್ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ರೇಷನ್‌ಗೆ ಬೆರಳು ಕೊಡೋ ದಿನ ಮಾತ್ರ ತೆಗೀರಿ.
– ಬೆರಳು ಒತ್ತಿದ ಪ್ರತಿ ಸಲವೂ ರಸೀದಿ ಕೇಳಿ, "ಫೇಲ್ ಆಯ್ತು" ಅಂದ್ರೂ ಕೇಳಿ.
– ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಲಾಕ್ ಮಾಡೋಕೆ ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿರಬೇಕು. ನಮ್ಮ ಎಷ್ಟೋ ಅಜ್ಜಿಯರಿಗೆ ಅದೇ ಇಲ್ಲ. ಸಂಘದ ಹುಡುಗ ಹುಡುಗಿಯರೇ, ಬ್ಯಾನರ್ ಕಟ್ಟೋಕೆ ಕೇರಿಗೆ ಹೋಗ್ತೀರಲ್ಲ, ಈ ಸಲ ಈ ಕೆಲಸಕ್ಕೂ ಹೋಗಿ. ಒಬ್ಬೊಬ್ಬರು ಎರಡು ಮನೆ ಹಿಡೀರಿ, ಅಜ್ಜಿಯರನ್ನ ಆಧಾರ್ ಕೇಂದ್ರಕ್ಕೆ ಕರ್ಕೊಂಡು ಹೋಗಿ ನಂಬರ್ ಜೋಡಿಸಿ. ಹಾಗೇ "ಯಾಕೆ ಸಾರ್?" ಅಂತ ಕೇಳೋದನ್ನೂ ಹೇಳಿಕೊಡಿ.