ಮಸ್ನವಿಯ ನಡೆ

ರೂಮಿಯ ಪಾರ್ಸಿ ಕಾವ್ಯ ಮಸ್ನವಿಯನ್ನು ಗದ್ಯದ ಹಾಗೆ ಓದುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೊನ್ನೆ ಉಮರ್ಗಾದ ಕೂಟವೊಂದರಲ್ಲಿ ಒಬ್ಬರು ರೂಮಿಯ ಸಾಲುಗಳನ್ನಿಟ್ಟುಕೊಂಡು ಚಲನೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಸಾಲು ಮಾತ್ರ ಅವರ ಬಾಯಲ್ಲಿ ಒಂದು ಹೆಜ್ಜೆಯೂ ಎತ್ತಿಡಲಿಲ್ಲ. ಲೋಹಾರಾಕ್ಕೆ ಮರಳಿ, ಅದನ್ನೇ ಗಟ್ಟಿಯಾಗಿ ಓದಿಕೊಂಡ ಮೇಲೆ ಜೀವಕ್ಕೆ ಸಮಾಧಾನವಾಯಿತು.

ಓದುವ ಮೊದಲು ನಾನು ಸಾಲಿಗೆ ನಮ್ಮ ಪ್ರಸ್ತಾರ ಹಾಕುತ್ತೇನೆ. ಗುರು, ಲಘು, ಗುರು, ಗುರು, ಮತ್ತೊಮ್ಮೆ ಅದೇ, ಕೊನೆಗೆ ಗುರು, ಲಘು, ಗುರು. ಮಾತ್ರೆ ಎಣಿಸಿದರೆ ಮೂರು-ನಾಲ್ಕು, ಮೂರು-ನಾಲ್ಕು, ಮೂರು, ಮೇಲೊಂದು ಗುರು. ಭಾಮಿನಿ ಷಟ್ಪದಿ ಬಲ್ಲವರ ಕಿವಿ ಇಲ್ಲಿ ನಿಮಿರಬೇಕು. ಭಾಮಿನಿಯ ಮೂರನೆಯ ಸಾಲಿನಲ್ಲಿ ಕಡೆಯ ಗುರುವಿಗೆ ಮುಂಚಿನ ನಾಲ್ಕು ಮಾತ್ರೆಯ ಗಣವನ್ನು ತೆಗೆದುಬಿಡಿ, ಮಸ್ನವಿಯ ಅಳತೆ ಸಿಗುತ್ತದೆ! ರೂಮಿ ಕೊನ್ಯದಲ್ಲಿ ತೀರಿಕೊಂಡದ್ದು 1273ರಲ್ಲಿ. ಭೀಮಕವಿ ಭಾಮಿನಿಯಲ್ಲಿ ಬಸವಪುರಾಣ ಮುಗಿಸಿದ್ದು 1369ರಲ್ಲಿ. ಒಬ್ಬರಿಂದ ಇನ್ನೊಬ್ಬರಿಗೆ ಬಂತೆಂದು ಹೇಳುತ್ತಿಲ್ಲ. ಪುರಾಣ ಕೇಳಿ ಬೆಳೆದ ಕಿವಿಗೆ ಈ ಪಾರ್ಸಿ ನಡೆ ಪರಕೀಯವಲ್ಲ ಎನ್ನುತ್ತಿದ್ದೇನೆ. ಒಂದು ಎಚ್ಚರ ಬೇಕು: ಭಾಮಿನಿಯಲ್ಲಿ ಮೂರು ಮಾತ್ರೆಯನ್ನು ಮೂರು ಲಘುವಾಗಿ ಒಡೆಯಬಹುದು, ಮಸ್ನವಿಯಲ್ಲಿ ಲಘುವಿನ ಜಾಗ ಕದಲದು. ‘ಯಾರ್’ನಂಥ ಪದ ಸಾಲಿನ ನಡುವೆ ವ್ಯಂಜನದ ಮುಂದೆ ಬಂದರೆ ಗುರುವಿನ ಬೆನ್ನಿಗೊಂದು ಲಘು ಎಣಿಸಬೇಕು. ಅದನ್ನು ನುಂಗಿದಿರೋ, ಸಾಲು ಕುಂಟುತ್ತದೆ.

ಇಷ್ಟೂ ಮಾಡದೆ ತತ್ತ್ವಕ್ಕೆ ಹಾರುವವರು ಚಲನೆಯ ಮಾತೆತ್ತಿದ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತಾರೆ. ಮಸ್ನವಿಯ ಮೊದಲ ಸಂಪುಟದಲ್ಲಿ ರೂಮಿ ಕೊಳ್ಳಿಯ ಮಾತು ತರುತ್ತಾರೆ. ಉರಿಯುವ ತುದಿ ಚಿಕ್ಕದು; ಬೀಸಿದರೆ ಉದ್ದನೆಯ ಬೆಂಕಿಯೇ ಕಾಣುತ್ತದೆ. ಲೋಕ ಗಳಿಗೆ ಗಳಿಗೆಗೂ ಹೊಸದಾಗುತ್ತಿದೆ, ವೇಗದಿಂದಾಗಿ ಎಡೆಬಿಡದೆ ಇರುವಂತೆ ತೋರುತ್ತದೆ ಎಂಬುದು ಅವರ ನಿಲುವು. ಅದ್ವೈತಿ ಗೌಡಪಾದರ ಕಾರಿಕೆಯ ನಾಲ್ಕನೆಯ ಪ್ರಕರಣದಲ್ಲೂ ಕೊಳ್ಳಿ ಇದೆ; ಅವರ ತೀರ್ಮಾನವೋ, ಹುಟ್ಟೆಂಬುದೇ ಇಲ್ಲ ಎಂದು. ಕೊಳ್ಳಿ ಒಂದೇ ಆದ ಮಾತ್ರಕ್ಕೆ ಮತ ಒಂದಾಗುತ್ತದೆಯೆ?

17ನೇ ಶತಮಾನದ ಶಿರಾಜಿನ ತತ್ತ್ವಜ್ಞಾನಿ ಮುಲ್ಲಾ ಸದ್ರಾ ಹಿಡಿದ ದಾರಿ ಬೇರೆಯೇ. ಅವರಿಗೂ ಹಿಂದೆ ಇಬ್ನ್ ಸೀನಾ ಜಾಗ, ಗಾತ್ರ, ಗುಣ, ಭಂಗಿ ಈ ನಾಲ್ಕರಲ್ಲಿ ಚಲನೆಯನ್ನು ಒಪ್ಪಿ, ದ್ರವ್ಯದಲ್ಲಿ ಒಪ್ಪಿರಲಿಲ್ಲ. ವಸ್ತುವೇ ಬದಲಾದರೆ ಬದಲಾದದ್ದು ಯಾವುದು ಎಂಬ ತೊಡಕು ಅಲ್ಲಿತ್ತು. ಸದ್ರಾ ಆ ತೊಡಕಿಗೇ ಕೈ ಹಾಕಿದರು. ಅವರ ವಾದವನ್ನು ಮಾವಿನಕಾಯಿಗೆ ಹಚ್ಚಿ ನೋಡಿ: ಅದರ ಬಣ್ಣ ತಿರುಗುವುದು ಅದರ ಇರುವಿಕೆಯೇ ಹರಿಯುತ್ತಿರುವುದರಿಂದ. ಆ ಎಡೆಬಿಡದ ಹರಿವಿನಿಂದಲೇ ಅದು ಒಂದೇ ಮಾವು. ರೂಮಿಯಲ್ಲಿ ಎಡೆಬಿಡದಿರುವುದು ತೋರಿಕೆ. ಸದ್ರಾರಲ್ಲಿ ಅದೇ ನಿಜ.

ಇದಕ್ಕೆ ನೆರೆಯ ಕಲ್ಯಾಣದ ಜಂಗಮವನ್ನೂ ಅಂಟಿಸಿ ‘ಎಲ್ಲಾ ಒಂದೇ’ ಎಂದುಬಿಟ್ಟರೆ ನನ್ನಿಂದ ಕೇಳಲಾಗದು. ಬಸವಣ್ಣನವರು ಕಲ್ಲಿನ ಗುಡಿಯೆದುರು ನಡೆದಾಡುವ ದೇಹವನ್ನು ನಿಲ್ಲಿಸಿದರು. ದೇವರ ನೆಲೆ ಎಲ್ಲಿ ಎಂಬುದು ಅಲ್ಲಿನ ಪ್ರಶ್ನೆ, ದ್ರವ್ಯದ ಗತಿಯಲ್ಲ. ಬೀದರದಲ್ಲಿ 1472ರಲ್ಲಿ ಮಹಮೂದ್ ಗವಾನ್ ಮದರಸೆ ಎಬ್ಬಿಸಿದ ಸೀಮೆ ಇದು. ಇಂಥ ಭೇದಗಳನ್ನು ಓದಿ ವಾದಿಸುವುದು ಇಲ್ಲಿನ ಹಳೆಯ ರೂಢಿ. ಜನ್ಮವಿಡೀ ತೇಯ್ದು ಯೋಚಿಸಿದವರ ಭಿನ್ನಮತವನ್ನು ಒಂದೇ ಉಸಿರಿಗೆ ಒರೆಸಿಹಾಕುವುದು ಸೌಹಾರ್ದವಲ್ಲ, ಶುದ್ಧ ಸೋಮಾರಿತನ. ರೂಮಿಗೂ ಸದ್ರಾರಿಗೂ ಇರುವ ಅಂತರ ಹಿಡಿದು ಮಾತಾಡುವವರು ಸಿಕ್ಕರೆ ರಾತ್ರಿಯಿಡೀ ಜಗಳಾಡಲು ನಾನು ಸಿದ್ಧ. ಪ್ರಸ್ತಾರ ಹಾಕಿಕೊಂಡು ಬರಲಿ, ಸಾಕು.