ಹಪ್ಪಳ ಒಣಗಿಸು

‘ಸ್ತ್ರೀಯೊಬ್ಬಳು ರ‍್ಯಾಂಕ್ ಬಂದ ಖುಷಿಗೆ ಅರ್ಕಾವತಿ ದಂಡೆಯಲ್ಲಿ ಸಾಫ್ಟ್‌ವೇರ್ ಹಂಚಿದಳು.’

ಇದಕ್ಕೆ ಅರ್ಥ ಹುಡುಕಬೇಡಿ. ಬ್ಲಾಗು ಬರೆಯುವ ತಂತ್ರಾಂಶ ಹೊಸದಾಗಿ ಯಾವುದೇ ಕೈಗೆ ಸಿಗಲಿ, ಅದರಲ್ಲಿ ನಾನು ಮೊದಲು ಕುಟ್ಟುವ ವಾಕ್ಯ ಇದು. ಹೆಣ್ಣು ನೋಡಲು ಹೋದ ಹಿರಿಯರು ‘ಎಲ್ಲಿ, ಒಂದು ಹಾಡು ಹೇಳಮ್ಮ’ ಅನ್ನುತ್ತಿದ್ದರಲ್ಲ, ಹಾಗೆ. ಸ್ತ್ರೀಯಲ್ಲಿ ಎರಡು ಒತ್ತು, ಜೊತೆಗೊಂದು ದೀರ್ಘ. ಅರ್ಕಾವತಿಯಲ್ಲಿ ಅರ್ಕಾವೊತ್ತು. ರ‍್ಯಾಂಕಿನಲ್ಲಿ ರಕಾರದ ಬೆನ್ನಿಗೆ ಕಣ್ಣಿಗೆ ಕಾಣದ ಒಂದು ಗುರುತಿದೆ. ಅದು ಬಿದ್ದುಹೋದರೆ ‘ರ್ಯಾಂಕ್’ ಆಗಿಬಿಡುತ್ತದೆ. ಸಾಫ್ಟ್‌ವೇರಿನ ನಡುವೆ ಇರುವುದು ಅದರ ದಾಯಾದಿ, ಅಕ್ಷರಗಳನ್ನು ಬಿಡಿಸಿ ನಿಲ್ಲಿಸುವ ಇನ್ನೊಂದು ಅದೃಶ್ಯ ಗುರುತು. ಅದಿಲ್ಲದಿದ್ದರೆ ಟ, ವ ಎರಡೂ ಫಕಾರದ ಕಾಲಡಿ ಒತ್ತಾಗಿ ಮುದುರಿಕೊಳ್ಳುತ್ತವೆ. ಈ ಅದೃಶ್ಯರನ್ನು ಕಸವೆಂದು ಗುಡಿಸಿಹಾಕುವ ತಂತ್ರಾಂಶಗಳು ಕಡಿಮೆಯೇನಿಲ್ಲ.

ನನ್ನ ಹವ್ಯಾಸ ಬರೆಯುವುದಲ್ಲ, ಬರೆಯಲು ಬೇಕಾದ ವ್ಯವಸ್ಥೆ ಮಾಡಿಕೊಳ್ಳುವುದು. ಇದು ಶುರುವಾದದ್ದು ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ. ಅದಕ್ಕೆ ಕನ್ನಡ ಬರುತ್ತಿತ್ತು, ಆದರೆ ತಾನಾಗಿ ಬಾಯಿ ಬಿಡುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ ತೆರೆದು, ಸಂಕೀರ್ಣ ಲಿಪಿಗಳು ಬೇಕು ಎಂಬಲ್ಲಿ ಗುರುತು ಹಾಕಿ, ಅದು ಕೇಳಿದ ಸಿ.ಡಿ. ತೂರಿಸಿ, ಕಂಪ್ಯೂಟರನ್ನು ಆರಿಸಿ ಹೊತ್ತಿಸಿದರೆ ತುಂಗಾ ಫಾಂಟಿನಲ್ಲಿ ಅಕ್ಷರಗಳು ಮೂಡುತ್ತಿದ್ದವು. ಸಿ.ಡಿ. ಕಳೆದುಕೊಂಡವರಿಗೆ ಚೌಕಗಳೇ ಗತಿ. ಬೆರಳಚ್ಚಿಗೆ ಶೇಷಾದ್ರಿವಾಸು ಅವರ ‘ಬರಹ’ ಇತ್ತು, ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸಕ್ಕೆ ಕೈ ಪಳಗಿದವರು ‘ನುಡಿ’ ಹಿಡಿದಿದ್ದರು. ಯಾವುದು ಮೇಲು ಎಂಬ ಜಗಳ ನಮ್ಮ ಗೆಳೆಯರಲ್ಲಿ ಕಾಫಿ ಆರುವವರೆಗೂ ನಡೆಯುತ್ತಿತ್ತು.

1999ರಲ್ಲಿ ಪೈರಾ ಲ್ಯಾಬ್ಸ್ ಎಂಬ ಸಣ್ಣ ಕಂಪನಿ ಹುಟ್ಟುಹಾಕಿ, 2003ರಲ್ಲಿ ಗೂಗಲ್ ಕೊಂಡುಕೊಂಡ ಬ್ಲಾಗರ್ ನನ್ನ ಮೊದಲ ಬಿಡಾರ. ಬಾಡಿಗೆಯಿಲ್ಲ, ರಿಪೇರಿಯ ತಲೆಬಿಸಿಯಿಲ್ಲ. ನನ್ನ ವಾಕ್ಯದ ಪರೀಕ್ಷೆಯಲ್ಲಿ ಅದು ಸಲೀಸಾಗಿ ಪಾಸಾಯಿತು. ಅದರ ಸ್ವಭಾವ ತಿಳಿಯುವುದು ಪುಟದ ವಿಳಾಸದಲ್ಲಿ. ಶೀರ್ಷಿಕೆಯಿಂದ ಅದು ಲ್ಯಾಟಿನ್ ಅಕ್ಷರಗಳನ್ನಷ್ಟೇ ಆರಿಸಿಕೊಂಡು ವಿಳಾಸ ಕಟ್ಟುತ್ತದೆ. ಅಚ್ಚಗನ್ನಡದ ಶೀರ್ಷಿಕೆಯಾದರೆ ಆರಿಸಲು ಏನೂ ಸಿಗದೆ ‘ಬ್ಲಾಗ್-ಪೋಸ್ಟ್’ ಎಂದು ಹೆಸರಿಡುತ್ತದೆ, ಮುಂದಿನವಕ್ಕೆ ಅದೇ ಹೆಸರಿನ ಬಾಲಕ್ಕೊಂದು ಅಂಕಿ. ಕನ್ನಡದ ಎಷ್ಟೋ ಕವಿತೆ, ಪ್ರವಾಸ ಕಥನ, ಸಾಹಿತ್ಯದ ಜಗಳ ಇವತ್ತಿಗೂ ಇಂಥ ಅಂಕಿಗಳ ಹಿಂದೆಯೇ ವಾಸವಾಗಿವೆ. ‘ಅಜ್ಜಿ ಮತ್ತು ಎಟಿಎಂ’ ಎಂದು ಬರೆದು, ಕೊನೆಯ ಪದವನ್ನು ಇಂಗ್ಲಿಷ್ ಲಿಪಿಯಲ್ಲಿ ಬಿಟ್ಟಿರೋ, ವಿಳಾಸದಲ್ಲಿ ಎಟಿಎಂ ಮಾತ್ರ ಉಳಿದು ಅಜ್ಜಿ ಆಚೆಗೆ. ವಿಳಾಸವನ್ನು ನಾವೇ ಬರೆದುಕೊಡುವ ಅನುಕೂಲ ಆಮೇಲೆ ಬಂತು, ಅದೂ ಲ್ಯಾಟಿನ್ ಅಕ್ಷರಗಳಲ್ಲಿ.

ಬಾಡಿಗೆ ಮನೆ ಸಾಕು, ಸ್ವಂತದ್ದೊಂದು ಇರಲಿ ಅನ್ನಿಸಿದ ಮೇಲೆ ವರ್ಡ್‌ಪ್ರೆಸ್. ನಿಂತುಹೋಗಿದ್ದ ‘ಬಿ2’ ಎಂಬ ತಂತ್ರಾಂಶವನ್ನು ಎತ್ತಿಕೊಂಡು ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ 2003ರ ಮೇ ತಿಂಗಳಲ್ಲಿ ಹೊರತಂದದ್ದು. ಅದರ ದೊಡ್ಡ ಆವೃತ್ತಿಗಳಿಗೆಲ್ಲ ಜಾಝ್ ಸಂಗೀತಗಾರರ ಹೆಸರು. ‘ಐದು ನಿಮಿಷದ ಸ್ಥಾಪನೆ’ ಎಂಬುದು ಅದರ ಪ್ರಸಿದ್ಧ ಹೆಗ್ಗಳಿಕೆ. ಐದು ನಿಮಿಷ ನಿಜವೇ. ಆಮೇಲಿನ ಅಲಂಕಾರಕ್ಕೆ ಎಷ್ಟು ಹೊತ್ತು ಅಂತ ಯಾರೂ ಹೇಳಿಲ್ಲ.

ವರ್ಡ್‌ಪ್ರೆಸ್ ಕನ್ನಡದ ಶೀರ್ಷಿಕೆಯಿಂದಲೇ ವಿಳಾಸ ಕಟ್ಟುತ್ತದೆ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸಾಗರದಲ್ಲಿರುವ ಅತ್ತಿಗೆ ಹಲಸಿನ ಹಪ್ಪಳದಲ್ಲಿ ಎತ್ತಿದ ಕೈ. ಜೂನ್‌ನಲ್ಲಿ ಮಳೆ ಹಿಡಿದು ಬಿಸಿಲು ಕಾಣದಿದ್ದಾಗ ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ತಾಗದ ಹಾಗೆ ಹಪ್ಪಳವನ್ನು ಹೇಗೆ ಹದ ಮಾಡಬೇಕು ಎಂದು ಅವರು ಹೇಳಿದ್ದನ್ನು ‘ಮಳೆಗಾಲದಲ್ಲಿ ಹಪ್ಪಳ ಒಣಗಿಸುವ ಬಗೆ’ ಎಂಬ ಶೀರ್ಷಿಕೆಯಲ್ಲಿ ಹಾಕಿದೆ. ಲ್ಯಾಪ್‌ಟಾಪ್ ಎದುರು ಕೂರಿಸಿ ತೋರಿಸಿದೆ. ಅತ್ತಿಗೆ ಬರಹ ಓದುವ ಮೊದಲು ಮೇಲಿನ ವಿಳಾಸದ ಪಟ್ಟಿಯನ್ನು ಓದಿದರು: ‘ಮಳೆಗಾಲದಲ್ಲಿ-ಹಪ್ಪಳ-ಒಣಗಿಸು’.

“ಏನೋ ಇದು? ಹೇಳಿಕೊಟ್ಟಿದ್ದು ನಾನು. ನಿನ್ನ ಕಂಪ್ಯೂಟರ್ ನಂಗೇ ಆರ್ಡರ್ ಮಾಡ್ತಿದೆಯಲ್ಲೋ!”

“ಜಾಗ ಸಾಲಲಿಲ್ಲ ಅತ್ತಿಗೆ ಅದಕ್ಕೆ.”

ಜಾಗ ಸಾಲದಿದ್ದುದು ಹೀಗೆ. ಕಂಪ್ಯೂಟರಿನ ಲೆಕ್ಕದಲ್ಲಿ ನಮ್ಮ ಒಂದೊಂದು ಅಕ್ಷರ, ಒಂದೊಂದು ಕೊಂಬು, ಒಂದೊಂದು ದೀರ್ಘವೂ ಮೂರು ಬೈಟು. ವಿಳಾಸದಲ್ಲಿ ಪ್ರತಿ ಬೈಟಿಗೂ ಪರ್ಸೆಂಟ್ ಗುರುತು ಸೇರಿ ಮೂರು ಚಿಹ್ನೆ. ಬರೀ ‘ಕ’ ಎನ್ನಲು ಪರ್ಸೆಂಟ್ ಇ ಸೊನ್ನೆ, ಪರ್ಸೆಂಟ್ ಬಿ ಎರಡು, ಪರ್ಸೆಂಟ್ ಒಂಬತ್ತು ಐದು. ಹೀಗೆ ಒಂಬತ್ತು ಚಿಹ್ನೆ. ಸ್ತ್ರೀಗೆ 54. ವರ್ಡ್‌ಪ್ರೆಸ್ ವಿಳಾಸಕ್ಕೆಂದು ಇಟ್ಟಿರುವ ಖಾನೆ 200 ಚಿಹ್ನೆಗಳದ್ದು. ಇಂಗ್ಲಿಷಿಗೆ ಅದು ಬಯಲು, ನಮಗೆ ಇಪ್ಪತ್ತೆರಡು ಗುರುತುಗಳಿಗೇ ಗೋಡೆ. ಲೆಕ್ಕ ಹಾಕಿದರೆ ಅತ್ತಿಗೆಯ ಹಪ್ಪಳ ‘ಒಣಗಿಸು’ ಎಂಬಲ್ಲಿಗೆ ಸರಿಯಾಗಿ 200. ಒಂದು ಚಿಹ್ನೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಇಷ್ಟು ಕರಾರುವಾಕ್ಕಾಗಿ ಆಜ್ಞಾರ್ಥದಲ್ಲಿ ನಿಂತಿತಲ್ಲ ಎಂದು ನನಗೆ ಹೆಮ್ಮೆಯೇ ಆಯಿತು. ಅದೇ ವಿಳಾಸವನ್ನು ಅಣ್ಣನಿಗೆ ವಾಟ್ಸಾಪಿನಲ್ಲಿ ಕಳಿಸಿದರೆ ಪರದೆಯ ತುಂಬ ಪರ್ಸೆಂಟುಗಳು. “ಯಾವುದೋ ಬ್ಯಾಂಕಿನ ಬಡ್ಡಿ ದರ ಇರಬೇಕು ಅಂದ್ಕೊಂಡು ತೆಗೀಲಿಲ್ಲ ಕಣೋ” ಅಂದ.

ಸ್ವಂತ ಮನೆಗೆ ಜಾಗ ಕೊಟ್ಟವರದ್ದೊಂದು ಕಥೆ. ಅವರು ಯಂತ್ರ ಬದಲಿಸಿದ ರಾತ್ರಿ ಹಳೆಯ ದತ್ತಾಂಶವನ್ನು ಪಶ್ಚಿಮ ಯುರೋಪಿನ ಅಕ್ಷರಗಳಿಗಷ್ಟೇ ಹೊಂದುವ ಖಾನೆಗಳಿಗೆ ಸುರಿದಿದ್ದರು. ಬೆಳಿಗ್ಗೆ ನನ್ನ ಬರಹಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳು. ಪದಗಳ ನಡುವಿನ ಜಾಗ, ಪೂರ್ಣವಿರಾಮ, ಪ್ಯಾರಾ ಎಲ್ಲ ಯಥಾಸ್ಥಿತಿ. ಸ್ತ್ರೀ ಇದ್ದಲ್ಲಿ ಆರು ಪ್ರಶ್ನೆಗಳು: ಸ, ತ, ರ, ಎರಡು ವಿರಾಮ, ಒಂದು ದೀರ್ಘ. ವಿಮರ್ಶಕರು ಕೂಡ ನನ್ನ ಬರವಣಿಗೆಯನ್ನು ಇಷ್ಟು ಆಮೂಲಾಗ್ರವಾಗಿ ಪ್ರಶ್ನಿಸಿರಲಿಲ್ಲ. ಬರಹಗಳ ಇನ್ನೊಂದು ಪ್ರತಿ ನನ್ನ ಹತ್ತಿರ ಇತ್ತು. ಇದ್ದದ್ದು ವಿಂಡೋಸ್ ಲೈವ್ ರೈಟರ್ ದಯೆಯಿಂದ.

ಆ ತಂತ್ರಾಂಶದ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. 2006ರಲ್ಲಿ ಬಂದದ್ದು. ಇಂಟರ್ನೆಟ್ ಇಲ್ಲದೆಯೂ ಬರೆಯಬಹುದು. ಬರೆಯುವಾಗಲೇ ನಿಮ್ಮ ಬ್ಲಾಗಿನ ಬಣ್ಣ, ಅಕ್ಷರ, ಅಂಚುಗಳಲ್ಲಿ ಪುಟ ಹೇಗೆ ಕಾಣುತ್ತದೆಂದು ತೋರಿಸುತ್ತಿತ್ತು. ಸಂಪರ್ಕ ಬಂದಾಗ ಒಂದು ಗುಂಡಿ ಒತ್ತಿದರೆ ಆಯಿತು. ಕರೆಂಟು ಹೋದರೆ ಮೋಡೆಮ್ಮು ಸಾಯುವ, ಲ್ಯಾಪ್‌ಟಾಪ್ ಮಾತ್ರ ಒಂದು ಗಂಟೆ ಬದುಕುವ ಊರಿಗೆಂದೇ ಮಾಡಿಸಿದಂತಿತ್ತು. 2015ರಲ್ಲಿ ಅದರ ಮೂಲಸಂಕೇತ ಮುಕ್ತವಾಗಿ ‘ಓಪನ್ ಲೈವ್ ರೈಟರ್’ ಹುಟ್ಟಿತು, 2017ರಲ್ಲಿ ಮೂಲದ್ದು ನಿಂತಿತು. ಆಮೇಲೆ ಬಂದವು ಹೆಚ್ಚು ಚೆಂದ ಇವೆ, ಒಪ್ಪುತ್ತೇನೆ. 2018ರ ಡಿಸೆಂಬರಿನಲ್ಲಿ ವರ್ಡ್‌ಪ್ರೆಸ್ ಗುಟೆನ್‌ಬರ್ಗ್ ಎಂಬ ಹೊಸ ಸಂಪಾದಕವನ್ನು ತಂದಾಗ ಪ್ರತಿ ಪ್ಯಾರಾವೂ ಒಂದೊಂದು ಪೆಟ್ಟಿಗೆಯಾಯಿತು. ಚಿತ್ರ ಜೋಡಿಸುವವರಿಗೆ ಒಳ್ಳೆಯದು. ಮಾತು ಬೆಳೆಸುತ್ತ ಹೋಗುವ ನನ್ನಂಥವನಿಗೆ ಪ್ಯಾರಾ ಮುಗಿದಾಗಲೆಲ್ಲ ಬಾಗಿಲು ದಾಟಿದಂತೆ ಭಾಸವಾಗುತ್ತದೆ.

ಪೆಟ್ಟಿಗೆ ಬೇಡವೆಂದು ಸಾದಾ ಕಡತಗಳ ಕಡೆ ಹೊರಳಿದೆ. ಜೆಕಿಲ್, ಹ್ಯೂಗೊ ಮುಂತಾದವುಗಳಲ್ಲಿ ದತ್ತಾಂಶದ ಖಾನೆಯೇ ಇಲ್ಲ. ಪಠ್ಯ ಕಡತ ಕೊಟ್ಟರೆ ಪುಟಗಳನ್ನು ಅರೆದುಕೊಡುತ್ತವೆ. ಬರೆಯಬೇಕಾದ್ದು ಜಾನ್ ಗ್ರೂಬರ್ 2004ರಲ್ಲಿ ರೂಪಿಸಿದ ಮಾರ್ಕ್‌ಡೌನ್ ಕ್ರಮದಲ್ಲಿ. ಪದದ ಎರಡೂ ಬದಿ ಜೋಡಿ ನಕ್ಷತ್ರ ಹಾಕಿದರೆ ಅಕ್ಷರ ದಪ್ಪ, ಸಾಲಿನ ಮೊದಲಿಗೆ ಹ್ಯಾಷ್ ಗುರುತು ಹಾಕಿದರೆ ಶೀರ್ಷಿಕೆ. ಎಷ್ಟು ಸರಳ! ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಕನ್ನಡ ಕುಟ್ಟುವವರು ಮಾತ್ರ ಸ್ವಲ್ಪ ನಿಲ್ಲಬೇಕು. ನಕ್ಷತ್ರದ ಕೀಲಿಯಲ್ಲಿ ಅಲ್ಲಿ ಕೂತಿರುವುದು ‘ಶ್ರ’, ಹ್ಯಾಷ್ ಇರುವಲ್ಲಿ ರಕಾರದ ಒತ್ತು. ದಪ್ಪ ಮಾಡಲು ಹೋದರೆ ಪದದ ಆಚೆ ಈಚೆ ಶ್ರಶ್ರ ಎಂದು ನಾಲ್ಕು ಶ್ರಕಾರ. ಪ್ರತಿ ಸಲ ಇಂಗ್ಲಿಷಿಗೆ ಹಾರಿ, ನಕ್ಷತ್ರ ಕಿತ್ತುಕೊಂಡು, ಕನ್ನಡಕ್ಕೆ ಮರಳಬೇಕು. ನನ್ನ ಬರಹಗಳಲ್ಲಿ ದಪ್ಪಕ್ಷರ ಕಡಿಮೆಯಾಗಿ ಗದ್ಯ ಸುಧಾರಿಸಿದ್ದು ಆಗಲೇ.

ನಡುವೆ ಜಾಂಗೊದಲ್ಲಿ ಬ್ಲಾಗನ್ನು ಕೈಯಾರೆ ಕಟ್ಟುವ ಹುಚ್ಚೂ ಹಿಡಿದಿತ್ತು. ಅದರ ತಳದಲ್ಲಿರುವ ಪೈಥಾನಿನಲ್ಲಿ, ವಿಳಾಸಕ್ಕೆ ಅಕ್ಷರ ಸೋಸುವ ಜರಡಿಗೆ ಕನ್ನಡದ ವ್ಯಂಜನ ಅಕ್ಷರ ಹೌದು; ಗುಡಿಸು, ಕೊಂಬು, ಏತ್ವ ಅಲ್ಲ. ‘ಹೀರೇಕಾಯಿ ಚಟ್ನಿ’ ಜರಡಿಯಿಂದ ಇಳಿದಾಗ ‘ಹರಕಯ-ಚಟನ’. ಸ್ತ್ರೀ ‘ಸತರ’ ಆದಳು. ಮನೆಯಲ್ಲಿ ಒಂದಷ್ಟು ಕಾಲ ಅದೇ ಭಾಷೆ ನಡೆಯಿತು. ಮಗಳು ಈಗಲೂ ದೋಸೆಗೆ ಚಟನ ಕೇಳುತ್ತಾಳೆ.

ಸದ್ಯಕ್ಕೆ ನೆಲೆ ಹ್ಯೂಗೊದಲ್ಲಿ. ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ತಾಣ ಸಿದ್ಧವಾಗುತ್ತದೆ, ಹೋಗಿ ಕಾಫಿ ಮಾಡಿಕೊಳ್ಳುವ ನೆಪವೂ ಇಲ್ಲ. ಪ್ರತಿ ಬರಹಕ್ಕೆ ಎಷ್ಟು ನಿಮಿಷದ ಓದು ಎಂದೂ ಹೇಳುತ್ತದೆ. ನಿಮಿಷಕ್ಕೆ 213 ಪದದ ಲೆಕ್ಕ. ಆದರೆ ‘ಹೋಗಬೇಕಾಗಿದ್ದವರಲ್ಲೊಬ್ಬನಾಗಿದ್ದನಂತೆ’ ಎಂಬುದೂ ಅದಕ್ಕೆ ಒಂದೇ ಪದ. ಅದು ಮೂರು ನಿಮಿಷ ಎಂದ ಬರಹಕ್ಕೆ ಅತ್ತಿಗೆ ಕನ್ನಡಕ ಹುಡುಕುವ ಹೊತ್ತು ಬಿಟ್ಟೂ ಆರು ನಿಮಿಷ ಬೇಕು. ಭಾಗಿಸುವ ಅಂಕಿಯನ್ನು ನಾನು ಅರ್ಧ ಮಾಡಿದ್ದೇನೆ. ಹಪ್ಪಳದ ವಿಳಾಸವನ್ನು ‘ಹಪ್ಪಳ’ ಎಂದಷ್ಟೇ ಇಟ್ಟಿದ್ದೇನೆ.

ಮೊನ್ನೆ ಅತ್ತಿಗೆಯ ಫೋನು. ಹಪ್ಪಳಕ್ಕೆ ಜೀರಿಗೆಯ ಜೊತೆ ಕೊತ್ತಂಬರಿ ಬೀಜವನ್ನೂ ಅರೆಯಬೇಕು, ಅದನ್ನು ಬಿಟ್ಟುಬಿಟ್ಟಿದ್ದೀಯ, ಸೇರಿಸು ಎಂದರು. ನಾನು ಊರಿನಲ್ಲಿರಲಿಲ್ಲ. ಕಡತ ಇರುವ ಲ್ಯಾಪ್‌ಟಾಪ್ ಮನೆಯಲ್ಲಿದೆ, ವಾಪಸು ಹೋಗಿ ತಿದ್ದಿ, ತಾಣವನ್ನು ಮತ್ತೆ ಕಟ್ಟಿ ಮೇಲೇರಿಸಬೇಕು ಎಂದು ವಿವರಿಸಿದೆ.

“ಒಂದು ಕೊತ್ತಂಬರಿ ಬೀಜಕ್ಕೆ ಊರಿಗೆ ಹೋಗ್ಬೇಕಾ ಮಾರಾಯ?”

ಫೋನಿನಿಂದಲೇ ತಿದ್ದುವ ಏರ್ಪಾಡು ಏನಾದರೂ ಇದೆಯೇ ಎಂದು ಅವತ್ತೇ ರಾತ್ರಿ ಲಾಡ್ಜಿನ ಕೋಣೆಯಲ್ಲಿ ಹುಡುಕಲು ಕೂತೆ. ಇದೆ. ನಾಲ್ಕೈದು ಬಗೆ ಇವೆ. ಎಲ್ಲವನ್ನೂ ಒಮ್ಮೆ ಹಾಕಿ ನೋಡಬೇಕು.