ಸಾಲು ಎಲ್ಲಿಂದ ಶುರುವಾಗಬೇಕು

ಪುಣೆಯಲ್ಲೋ ಹೈದರಾಬಾದಿನಲ್ಲೋ ಬಾಡಿಗೆ ಕೋಣೆಯಲ್ಲಿ ಕೂತ ಹುಡುಗನೊಬ್ಬ ಎರಡು ವಾರಾಂತ್ಯ ಕಳೆದು ಓಪನ್ ಸೋರ್ಸ್ ಪ್ರಾಜೆಕ್ಟ್ ಒಂದರಲ್ಲಿ ದೋಷ ಪತ್ತೆ ಹಚ್ಚುತ್ತಾನೆ. ತಿದ್ದುಪಡಿ ಬರೆದು, ಹತ್ತು ಸಲ ಓದಿ, ಎದೆ ಗಟ್ಟಿ ಮಾಡಿಕೊಂಡು ಕಳಿಸುತ್ತಾನೆ. ಮರುದಿನ ಉತ್ತರ ಬರುತ್ತದೆ. ದೋಷದ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಸಾಲಿನ ಮೊದಲಿಗೆ ಸ್ಪೇಸ್ ಹಾಕಿದ್ದೀರಿ, ಟ್ಯಾಬ್ ಇರಬೇಕು; ಏಳನೇ ಸಾಲಿನ ಕೊನೆಯಲ್ಲಿ ಬೇಡದ ಖಾಲಿ ಜಾಗವಿದೆ; ಸರಿಮಾಡಿ ಮತ್ತೆ ಕಳಿಸಿ. ಇಂಥ ಉತ್ತರ ಓದಿ ಅಲ್ಲಿಗೇ ಕೈಬಿಟ್ಟವರಿದ್ದಾರೆ. ಕಣ್ಣಿಗೇ ಕಾಣದ ಖಾಲಿ ಜಾಗಕ್ಕೆ ಇಷ್ಟು ರಂಪವೇ ಎಂಬ ಅವರ ಸಿಟ್ಟಿನಲ್ಲಿ ಹುರುಳಿದೆ. ಆದರೂ ಆ ನಿಯಮ ಕಾಯುವುದು ಯಾರನ್ನು ಎಂದು ವಿಚಾರಿಸಿ ನೋಡಿದರೆ, ಬಹುಪಾಲು ಅದು ಆ ಹುಡುಗನ ಪಕ್ಷದಲ್ಲೇ ನಿಂತಿರುತ್ತದೆ.

ಇಂಥ ನಿಯಮಗಳಲ್ಲಿ ಹೆಸರಾದದ್ದು ಲಿನಕ್ಸ್ ಕರ್ನಲ್‌ನ ಶೈಲಿ ಕೈಪಿಡಿ. ಲಿನಸ್ ಟೋರ್ವಾಲ್ಡ್ಸ್ ಅದನ್ನು ಕೀಟಲೆಯಿಂದಲೇ ಶುರು ಮಾಡುತ್ತಾರೆ: ಗ್ನೂ ಯೋಜನೆಯ ಶೈಲಿ ನಿಯಮಗಳನ್ನು ಮುದ್ರಿಸಿಕೊಳ್ಳಿ, ಓದಬೇಡಿ, ಸುಟ್ಟುಬಿಡಿ. ಕೀಟಲೆ ಮುಗಿದ ಮೇಲೆ ಬರುವ ನಿಯಮಗಳಿಗೆ ಕಾರಣಗಳೂ ಇವೆ. ಒಂದು ಹಂತ ಒಳಗೆ ಸರಿಯುವುದೆಂದರೆ ಎಂಟು ಅಕ್ಷರದಷ್ಟು ಅಗಲದ ಟ್ಯಾಬ್. ಇಪ್ಪತ್ತು ಗಂಟೆ ಪರದೆ ನೋಡಿ ಕಣ್ಣು ಮಂಜಾದವನಿಗೂ ಯಾವ ತುಂಡು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಥಟ್ಟನೆ ಕಾಣಬೇಕು. ಮೂರು ಹಂತಕ್ಕಿಂತ ಒಳಗೆ ಹೋದರೆ ಸಾಲುಗಳು ಬಲ ಅಂಚಿಗೆ ಒತ್ತಿಕೊಳ್ಳುತ್ತವೆ. ಆಗ ಸರಿಮಾಡಬೇಕಾದ್ದು ಪ್ರೋಗ್ರಾಮನ್ನು. ಶೈಲಿ ಅವರವರ ಇಷ್ಟ, ಯಾರ ಮೇಲೂ ಹೇರುವುದಿಲ್ಲ, ಆದರೆ ತಾನು ನೋಡಿಕೊಳ್ಳಬೇಕಾದ ಕೋಡ್ ಹೀಗಿರಬೇಕು ಎಂಬ ಮಾತೂ ಅಲ್ಲಿದೆ.

ಕೈಪಿಡಿಯ ತಿರುಳು ಇರುವುದು ಈ ಕೊನೆಯ ಮಾತಿನಲ್ಲಿ. ಪ್ಯಾಚ್ ಕಳಿಸಿದವನಿಗೆ ಬೇರೆ ಕೆಲಸ ಸಿಗುತ್ತದೆ, ಮಗು ಹುಟ್ಟುತ್ತದೆ, ಆಸಕ್ತಿ ಹೋಗುತ್ತದೆ. ಅವನ ಕೋಡ್ ಮಾತ್ರ ಅಲ್ಲೇ ಉಳಿಯುತ್ತದೆ. ಐದು ವರ್ಷದ ಮೇಲೆ ಅದರಲ್ಲಿ ತೊಂದರೆ ಬಂದಾಗ ಅವನ ಮುಖವನ್ನೇ ನೋಡದ ಯಾರೋ ಕೂತು ಓದಬೇಕು. ಬರೆಯುವುದು ಒಂದು ಸಲ, ಓದುವುದು ನೂರು ಸಲ. 2001ರಲ್ಲಿ ಗೀಡೋ ವಾನ್ ರೋಸಮ್ ಮತ್ತು ಸಂಗಡಿಗರು ಪೈಥಾನ್ ಭಾಷೆಗೆ ಪೆಪ್ 8 ಎಂಬ ಶೈಲಿ ನಿಯಮಗಳನ್ನು ಬರೆದದ್ದೂ ಇದೇ ತಿಳಿವಳಿಕೆಯಿಂದ.

ಕಣ್ಣು ಮೋಸಹೋದರೆ ಏನಾಗುತ್ತದೆ ಎಂಬುದು 2014ರ ಫೆಬ್ರುವರಿಯಲ್ಲಿ ಕಂಡಿತು. ಐಫೋನ್‌ಗಳಿಗೆ ಆಪಲ್ ತುರ್ತಾಗಿ ಒಂದು ಅಪ್‌ಡೇಟ್ ಕೊಡಬೇಕಾಯಿತು. ಸುರಕ್ಷಿತ ಸಂಪರ್ಕವನ್ನು ಪರೀಕ್ಷಿಸುವ ಸಿ ಕೋಡಿನಲ್ಲಿ ‘ಗೋಟು ಫೇಲ್’ ಎಂಬ ಸಾಲು ಒಂದರ ಕೆಳಗೊಂದು ಎರಡು ಸಲ ಬಂದಿತ್ತು. ಎರಡೂ ಒಂದೇ ಅಂಚಿಗೆ ಇದ್ದುದರಿಂದ ಎರಡೂ ಮೇಲಿನ ‘ಇಫ್’ಗೆ ಸೇರಿದಂತೆ ಕಾಣುತ್ತಿದ್ದವು. ಸಿ ಕಂಪೈಲರ್ ಅಂಚನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕರ್ಲಿ ಬ್ರಾಕೆಟ್ ಇಲ್ಲದ ಕಾರಣ ಮೊದಲನೆಯದು ಮಾತ್ರ ಇಫ್‌ಗೆ ಸೇರಿತು. ಎರಡನೆಯದಕ್ಕೆ ಷರತ್ತೇ ಉಳಿಯಲಿಲ್ಲ. ಕೋಡ್ ಅಲ್ಲಿಂದ ನೇರ ಕೊನೆಗೆ ಹಾರಿತು, ಎದುರಿನ ಸರ್ವರ್‌ನ ಸಹಿ ಅಸಲಿಯೇ ಎಂಬ ಪರೀಕ್ಷೆ ನಡೆಯಲೇ ಇಲ್ಲ. 2016ರಲ್ಲಿ ಬಂದ ಜಿಸಿಸಿ 6 ಕಂಪೈಲರ್ ಹೀಗೆ ದಾರಿ ತಪ್ಪಿಸುವ ಅಂಚನ್ನು ಕಂಡರೆ ಎಚ್ಚರಿಸುತ್ತದೆ. ಇಫ್‌ನೊಳಗೆ ಒಂದೇ ಸಾಲಿದ್ದರೂ ಬ್ರಾಕೆಟ್ ಕಡ್ಡಾಯ ಎನ್ನುವ ಪ್ರಾಜೆಕ್ಟ್‌ಗಳಿವೆ. ಅಂಥ ಕಡೆ ಬ್ರಾಕೆಟ್ ಬೇಡ ಎಂಬುದು ಲಿನಕ್ಸ್ ಕರ್ನಲ್‌ನ ಮತ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ, ಕಣ್ಣಿಗೆ ಕಂಡದ್ದೂ ಯಂತ್ರ ಮಾಡುವುದೂ ಒಂದೇ ಆಗಿರಬೇಕು.

ಇನ್ನು ಆ ಹುಡುಗನ ಅವಮಾನದ ಮಾತು. ಮದುವೆ ಮನೆಯ ಪಂಕ್ತಿಯಲ್ಲಿ ಬಾಳೆಎಲೆಯ ಮೇಲೆ ಒಂದೊಂದಕ್ಕೂ ಒಂದೊಂದು ಜಾಗ. ಉಪ್ಪು ಎಡದ ತುದಿಗೆ, ಪಲ್ಯ ಕೋಸಂಬರಿಗಳಿಗೆ ಅವುಗಳದೇ ಠಾವು. ಬಡಿಸುವವರು ಇಪ್ಪತ್ತು ಮಂದಿಯಿದ್ದರೂ ಯಾರೂ ಯಾರನ್ನೂ ಕೇಳಬೇಕಿಲ್ಲ, ಕೈ ತಾನಾಗಿ ಹೋಗುತ್ತದೆ. ಆದರೆ ಇದನ್ನು ಯಾರೂ ಬರೆದಿಟ್ಟಿಲ್ಲ. ಒಳಗೆ ಹುಟ್ಟಿ ಬೆಳೆದವರಿಗೆ ಗೊತ್ತು. ಹೊರಗಿನಿಂದ ಬಂದವನು ತಪ್ಪು ಮಾಡಿ, ನಾಲ್ಕು ಜನರ ಎದುರು ಮಾತು ಕೇಳಿ ಕಲಿಯಬೇಕು. ಸಾಫ್ಟ್‌ವೇರಿನಲ್ಲೂ ಬರೆದಿಡದ ಪದ್ಧತಿ ಒಳಗಿನವರ ಸ್ವತ್ತು. ಬರೆದಿಟ್ಟ ಮೇಲೆ ಅದು ಎಲ್ಲರದು. ಪುಣೆಯ ಹುಡುಗ ಕೈಪಿಡಿ ಓದಿ, ಹತ್ತು ವರ್ಷದ ಹಳಬನಿಗೂ ‘ಇಲ್ಲಿ ಟ್ಯಾಬ್ ಬರಬೇಕು’ ಎಂದು ತೋರಿಸಬಹುದು.

ಬರೆದದ್ದನ್ನು ಯಂತ್ರವೇ ಜಾರಿಗೆ ತಂದರೆ ಇನ್ನೂ ವಾಸಿ. 2009ರಲ್ಲಿ ಹೊರಬಂದ ಗೋ ಭಾಷೆಯ ಜೊತೆಗಿರುವ ಗೋಫಂಟ್ ಎಂಬ ಸಾಧನ ಕೋಡನ್ನು ತಾನೇ ಒಂದು ಅಚ್ಚಿಗೆ ತರುತ್ತದೆ. ಟ್ಯಾಬೋ ಸ್ಪೇಸೋ ಎಂಬ ಆಯ್ಕೆಯನ್ನೇ ಅದು ಕೊಡುವುದಿಲ್ಲ. ಆ ಅಚ್ಚು ಯಾರಿಗೂ ಅಚ್ಚುಮೆಚ್ಚಲ್ಲ, ಆದರೆ ಜಗಳ ಮುಗಿಯಿತಲ್ಲ ಎಂದು ಎಲ್ಲರಿಗೂ ನೆಮ್ಮದಿ. ಕರ್ನಲ್ಲಿಗೂ ಚೆಕ್‌ಪ್ಯಾಚ್ ಎಂಬ ಪರೀಕ್ಷಕವಿದೆ. ಯಂತ್ರ ತಪ್ಪು ತೋರಿಸಿದರೆ ಮನಸ್ಸಿಗೆ ನೋವಾಗುವುದಿಲ್ಲ. ಮನುಷ್ಯರ ಹೊತ್ತು ದೋಷದ ಚರ್ಚೆಗೇ ಉಳಿಯುತ್ತದೆ.

ನಿಯಮಗಳು ಕಲ್ಲಿನಲ್ಲಿ ಕೊರೆದವೇನಲ್ಲ. ಸಾಲಿಗೆ 80 ಅಕ್ಷರ ಎಂಬ ಮಿತಿಯ ಬೇರು 1928ರ ಐಬಿಎಂ ರಂಧ್ರಕಾರ್ಡಿನ 80 ಕಾಲಮ್ಮುಗಳವರೆಗೂ ಹೋಗುತ್ತದೆ. 2020ರಲ್ಲಿ ಚೆಕ್‌ಪ್ಯಾಚ್ ತನ್ನ ಎಚ್ಚರಿಕೆಯ ಗಡಿಯನ್ನು 100ಕ್ಕೆ ಏರಿಸಿತು. ಹಾಗೆಂದು ಹೊಸಬನು ಮೊದಲ ದಿನವೇ ಇಡೀ ಫೈಲನ್ನು ತನ್ನ ರುಚಿಗೆ ತಕ್ಕಂತೆ ಜೋಡಿಸಿ ಕಳಿಸಬಾರದು. ಯಾವ ಸಾಲನ್ನು ಯಾರು, ಏಕೆ ಬರೆದರು ಎಂಬ ಇತಿಹಾಸ ಅದರಡಿ ಮುಚ್ಚಿಹೋಗುತ್ತದೆ. ದೋಷದ ತಿದ್ದುಪಡಿ ಒಂದು ಪ್ಯಾಚ್, ಅಂಚಿನ ತಿದ್ದುಪಡಿ ಇನ್ನೊಂದು.

ಒಂದು ನಿಯಮದ ಭಾರ ಮಾತ್ರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಪೈಥಾನ್ 3ರಲ್ಲಿ ವೇರಿಯಬಲ್ ಒಂದಕ್ಕೆ ಕನ್ನಡ ಲಿಪಿಯಲ್ಲೇ ‘ಮೊತ್ತ’ ಎಂದು ಹೆಸರಿಟ್ಟರೂ ಪ್ರೋಗ್ರಾಮ್ ಓಡುತ್ತದೆ. ಪೆಪ್ 8 ಮಾತ್ರ ಟಿಪ್ಪಣಿಗಳು ಇಂಗ್ಲಿಷಿನಲ್ಲಿರಲಿ ಎನ್ನುತ್ತದೆ. ನಿಮ್ಮ ಭಾಷೆ ಬಾರದವರು ಇದನ್ನು ಓದುವುದೇ ಇಲ್ಲವೆಂದು ಶೇಕಡಾ 120ರಷ್ಟು ಖಾತ್ರಿಯಿದ್ದರೆ ಮಾತ್ರ ವಿನಾಯಿತಿ. ಕಾರಣ ಅದೇ, ಓದುವ ಅಪರಿಚಿತ. ಆದರೆ ಟ್ಯಾಬ್ ಒತ್ತುವ ಶ್ರಮ ಎಲ್ಲರಿಗೂ ಒಂದೇ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ತನ್ನ ತಿದ್ದುಪಡಿ ಏಕೆ ಬೇಕು ಎಂದು ನಾಲ್ಕು ಸಾಲು ಇಂಗ್ಲಿಷ್ ಬರೆಯುವುದು ಕೋಡಿಗಿಂತ ಕಷ್ಟವಾಗಬಹುದು. ಅಲ್ಲಿ ವ್ಯಾಕರಣ ಹಿಡಿದು ಜಗ್ಗದೆ ಅರ್ಥ ಹಿಡಿಯುವುದು ಪ್ರಾಜೆಕ್ಟ್ ನೋಡಿಕೊಳ್ಳುವವರ ಹೊಣೆ. ಇತ್ತ ಕನ್ನಡ ಬಲ್ಲವರಿಗೂ ಒಂದು ಕೆಲಸವಿದೆ. ಕರ್ನಲ್‌ನ ಶೈಲಿ ಕೈಪಿಡಿಗೆ ಚೀನೀ, ಇಟಾಲಿಯನ್ ಅನುವಾದಗಳು ಆಗಿವೆ. ಕೋಡಿನ ಟಿಪ್ಪಣಿ ಇಂಗ್ಲಿಷಿನಲ್ಲೇ ಇರಲಿ. ಅದನ್ನು ಬರೆಯುವ ನಿಯಮವನ್ನು ಹುಡುಗನೊಬ್ಬ ಕನ್ನಡದಲ್ಲಿ ಓದಿಕೊಳ್ಳುವಂತಾಗಬೇಕು. ಮನಸ್ಸು ಮಾಡಿದರೆ ಒಬ್ಬರು ಕೆಲವೇ ವಾರಾಂತ್ಯಗಳಲ್ಲಿ ಮುಗಿಸಬಹುದಾದ ಕೆಲಸ ಅದು.